ಮೂವತ್ತೆರಡನೇ ಕೋಣೆಯ ಗಾಜು

ಮಾರ್ಗ್ರೇವ್ ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಹೋಗಲು ಹೆಟ್ಟಿ ಕ್ಯಾಪ್‌ಸ್ಟಿಕ್‌ಗೆ ನಲವತ್ಮೂರು ವರ್ಷ ಹಿಡಿಯಿತು. 1925ರಲ್ಲಿ, ಹದಿನೇಳರ ಹುಡುಗಿ, ಹಿಂಬದಿಯ ಕಲ್ಲಿದ್ದಲು ತರುವ ಬಾಗಿಲಿನಿಂದ ಒಳಗೆ ಬಂದವಳು. ಅಂದಿನಿಂದ ಹಾಸಿಗೆ ಹಾಸುವುದು, ಒಲೆಯ ಬೂದಿ ತೆಗೆಯುವುದು, ಬೇರೆಯವರು ಮಿಂದ ತೊಟ್ಟಿ ಉಜ್ಜುವುದು. ಕಳೆದ ಶನಿವಾರ ಅದೇ ಬಾಗಿಲಿನಿಂದ ಕೊನೆಯ ಸಲ ಹೊರಬಿದ್ದಿದ್ದಳು. ಈ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ನೀಲಿ ಟೋಪಿ ಇಟ್ಟು, ತಂಗಿಯಿಂದ ಎರವಲು ತಂದ ಸೂಟ್‌ಕೇಸು ಹಿಡಿದು ಮುಂಬಾಗಿಲಿನ ಎದುರು ನಿಂತಳು. ಬಾಗಿಲು ಕಾಯುವವನು ಟೋಪಿ ತೆಗೆದು ಬಗ್ಗಿದಾಗ ಅವಳಿಗೆ ಅಳು ಬಂತು, ನುಂಗಿಕೊಂಡಳು.

ನಿವೃತ್ತರಾದ ಕೆಲಸದವರು ಒಂದು ರಾತ್ರಿ ಅತಿಥಿಯಾಗಿ ಬಂದು ಉಳಿಯುವುದು ವಿಕ್ಟೋರಿಯಾ ರಾಣಿಯ ಕಾಲದಿಂದ ಆ ಹೋಟೆಲಿನಲ್ಲಿ ನಡೆದುಬಂದ ಪದ್ಧತಿ. ಕೋಣೆ ಅವರೇ ಆರಿಸಿಕೊಳ್ಳಬಹುದು. ಮ್ಯಾನೇಜರ್ ಪಾಮ್‌ಫ್ರೆಟ್ ರಸ್ತೆಯ ಮಗ್ಗುಲಿನ ದೊಡ್ಡ ಕೋಣೆಯೊಂದನ್ನು ಮುಂದಿಟ್ಟರು. ಬೇಸಿಗೆಯ ರಜಾ ವಾರ, ಸಮುದ್ರದ ಮಗ್ಗುಲಿನ ಕೋಣೆಗಳಿಗೆ ಗಿರಾಕಿಗಳು ಮುಗಿಬೀಳುತ್ತಿದ್ದ ಕಾಲ. ಹೆಟ್ಟಿ ಜಗ್ಗಲಿಲ್ಲ. ಮೂರನೇ ಅಂತಸ್ತಿನ ಮೂವತ್ತೆರಡನೇ ನಂಬರೇ ಬೇಕು ಎಂದಳು. ಅಲ್ಲಿ ಕಿಟಕಿಯ ಪಕ್ಕ ಒಂದು ಹಸಿರು ಕುರ್ಚಿ ಇದೆ. ಅದರ ಧೂಳನ್ನು ಅವಳು ಲೆಕ್ಕವಿಲ್ಲದಷ್ಟು ಸಲ ಒರೆಸಿದ್ದಾಳೆ, ಒಂದು ಸಲವೂ ಅದರಲ್ಲಿ ಕೂತಿಲ್ಲ. ಕೆಲಸದವಳು ಅತಿಥಿಯ ಕುರ್ಚಿಯಲ್ಲಿ ಕೂತದ್ದು ಕಂಡರೆ ಅಂದೇ ಮನೆಗೆ ಕಳಿಸುತ್ತಿದ್ದರು.

ಸೂಟ್‌ಕೇಸು ಎತ್ತಿಕೊಳ್ಳಲು ಬಂದವಳು ಐವಿ. ಇಪ್ಪತ್ತು ವರ್ಷ ಹೆಟ್ಟಿಯ ಜೊತೆ ಅದೇ ಅಂತಸ್ತಿನಲ್ಲಿ ಕೆಲಸ ಮಾಡಿದವಳು, ನಾಲಿಗೆ ಉದ್ದ.

"ಬನ್ನಿ ಮೇಡಂ, ಬನ್ನಿ. ಕಾಲೊರೆಸ್ಕೊಂಡು ಬನ್ನಿ, ನೀವೇ ಉಜ್ಜಿರೋ ಕಾರ್ಪೆಟ್ಟು."

"ಬಾಯ್ಮುಚ್ಕೊಂಡು ಪೆಟ್ಟಿಗೆ ಎತ್ಕೊಳೇ."

"ಎತ್ಕೋತೀನಿ. ಟಿಪ್ಸ್ ಏನ್ ಕೊಡ್ತೀರಿ?"

"ಒಂದು ಒದೆ ಕೊಡ್ತೀನಿ."

ಮೆಟ್ಟಿಲು ಹತ್ತುತ್ತ ಐವಿಯ ನಗು ಕಡಿಮೆಯಾಯಿತು. "ನಿನ್ನ ಮೂವತ್ತೆರಡನ್ನ ಈಗ ನನ್ನ ತಲೆಗೆ ಕಟ್ಟಿದಾರೆ ಕಣೆ. ಬಾಗಿಲು ಹಾಕಿದ್ರೆ ತೆಗೆಯೋಕ್ಕಾಗಲ್ಲ, ತೆಗೆದ್ರೆ ಹಾಕೋಕ್ಕಾಗಲ್ಲ. ಮೊನ್ನೆ ಬೀರು ಬಾಗಿಲು ತಾನಾಗೇ ತೆಕ್ಕೊಂಡು ನನ್ನ ಬೆನ್ನಿಗೆ ಬಡೀತು."

"ಬೀರು ಕಾಲಿಗೆ ರಟ್ಟು ಮಡಿಚಿ ಇಡ್ಬೇಕು ಅಂತ ಹೇಳಿರ್ಲಿಲ್ವಾ?"

"ಇಟ್ಟೆ. ಆರು ಮಡಿಕೆ."

"ಐದು ಸಾಕಿತ್ತಲ್ಲೇ."

"ಹೋದ ವಾರ ಸಾಕಿತ್ತು," ಎಂದಳು ಐವಿ.

ಸಮುದ್ರದ ಮಗ್ಗುಲಿನ ಕೋಣೆಗಳ ಮೇಜು, ಬೀರು, ಮಂಚ, ಎಲ್ಲದರ ಸಮುದ್ರದ ಕಡೆಯ ಕಾಲಿಗೂ ಹೀಗೆ ರಟ್ಟು ಕೊಟ್ಟು ಮಟ್ಟ ಮಾಡುವುದು ಅಲ್ಲಿನ ಹೆಂಗಸರ ಕೆಲಸ. ಹೆಟ್ಟಿ ಸೇರಿದಾಗ ಒಂದು ಮಡಿಕೆಯೂ ಬೇಕಿರಲಿಲ್ಲ. ಹಳೇ ಕಟ್ಟಡ, ನೆಲ ತಗ್ಗುತ್ತದೆ, ಅದಕ್ಕೇನು ಮಹಾ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೋಟೆಲಿನ ಕೆಳಗೆ ಜೇಡಿಮಣ್ಣಿನ ದಿಬ್ಬ, ದಿಬ್ಬದ ಕೆಳಗೆ ಕಡಲು. ಹುಲ್ಲುಹಾಸಿನ ಅಂಚಿನ ಬೇಲಿಯನ್ನು ಅವಳ ಕಾಲದಲ್ಲೇ ಮೂರು ಸಲ ಕಿತ್ತು ಹಿಂದಕ್ಕೆ ನೆಟ್ಟಿದ್ದರು. ನಮ್ಮ ಥಾರ್ನ್‌ಸೀ ಊರಿನಲ್ಲಿ ಬೇಲಿ ಹಿಂದಕ್ಕೆ ಬರುವುದು ಹೊಸ ಸುದ್ದಿಯೇನಲ್ಲ.

ಐವಿ ಚಹಾ ತಂದಿಟ್ಟು ಹೋದ ಮೇಲೆ ಹೆಟ್ಟಿ ಹಸಿರು ಕುರ್ಚಿಯಲ್ಲಿ ಕೂತಳು. ಸುಖವಾಗಿತ್ತು, ಆದರೆ ಮುಂದಕ್ಕೆ ಜಾರಿದ ಹಾಗೆ ಅನ್ನಿಸುತ್ತಿತ್ತು. ಬಟ್ಟಲಿನ ಚಹಾ ಕಿಟಕಿಯ ಕಡೆ ಏರಿ ನಿಂತಿತ್ತು. ಬಟ್ಟಲನ್ನು ಸುತ್ತ ತಿರುಗಿಸಿದಳು. ಚಹಾ ಮತ್ತೆ ಕಿಟಕಿಯ ಕಡೆಗೇ ಏರಿತು. ಕಿಟಕಿಯ ಪಕ್ಕದ ಗೋಡೆಯಲ್ಲಿ ನೆಲದಿಂದ ತಾರಸಿಯವರೆಗೆ ಬಿರುಕು, ಅದಕ್ಕೆ ಅಡ್ಡಲಾಗಿ, ಎದೆಯೆತ್ತರದಲ್ಲಿ, ಗೇಣುದ್ದದ, ಆಚೆ ಕಾಣದ ಬಿಳಿ ಗಾಜಿನ ಪಟ್ಟಿ. ಎರಡೂ ತುದಿ ಗಾರೆಯಲ್ಲಿ ಹುಗಿದಿತ್ತು. ಕಳೆದ ಶನಿವಾರ, ಕೆಲಸದ ಕೊನೆಯ ದಿನ, ಅವಳೇ ಕೂರಿಸಿದ ಗಾಜು. ಒಂದು ಗೀರೂ ಇಲ್ಲದೆ ಹೊಳೆಯುತ್ತಿದ್ದುದನ್ನು ಕಂಡು ಅವಳಿಗೆ ಸಮಾಧಾನವಾಯಿತು.

ಈ ಗಾಜುಗಳ ಕತೆ ಇಷ್ಟು. 1951ರಲ್ಲಿ ಯಾರೋ ಇಂಜಿನಿಯರು ಬಂದು ಸಮುದ್ರದ ಮಗ್ಗುಲಿನ ಬಿರುಕುಗಳಿಗೆಲ್ಲ ಒಟ್ಟು ಹತ್ತೊಂಬತ್ತು ಗಾಜು ಅಂಟಿಸಿ ಹೋದರು. ಯಾಕೆಂದು ಕೋಣೆ ಗುಡಿಸುವವರಿಗೆ ಯಾರು ಹೇಳುತ್ತಾರೆ? ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಗೋಡೆಯನ್ನು ಹಿಡಿದಿಡುವುದಕ್ಕೆ ಇರಬೇಕು ಎಂದುಕೊಂಡಳು ಹೆಟ್ಟಿ. ಆಗಿನ ಮೇಲ್ವಿಚಾರಕಿ ಮಿಸೆಸ್ ಥ್ಯಾಕ್ರೆ ಒಂದು ನಿಯಮ ಇಟ್ಟಿದ್ದರು: ಮಧ್ಯಾಹ್ನ ಹನ್ನೆರಡಾದ ಮೇಲೆ ಅತಿಥಿಯ ಕೋಣೆಯಲ್ಲಿ ಒಡೆದ ವಸ್ತು ಇರಕೂಡದು. ಬಿರಿದ ಕನ್ನಡಿ, ಕಿವಿ ಮುರಿದ ಬಟ್ಟಲು, ಯಾವುದಾದರೂ ಸರಿ. ಗೋಡೆಯ ಗಾಜು ಒಡೆದಾಗ ಹೆಟ್ಟಿ ಓಡಿಹೋಗಿ ಗಂಡ ಆರ್ನಲ್ಡ್‌ಗೆ ಹೇಳುತ್ತಿದ್ದಳು. ಆರ್ನಲ್ಡ್ ಹೋಟೆಲಿನ ರಿಪೇರಿ ಕೆಲಸದವನು. ಹನ್ನೆರಡರೊಳಗೆ ಹೊಸ ಗಾಜು ಕೂರಿಸಿಬಿಡುತ್ತಿದ್ದ. ಪ್ರತಿ ಅಕ್ಟೋಬರಿನಲ್ಲಿ ಇಂಜಿನಿಯರು ಬಂದು ನೋಡುವಷ್ಟರಲ್ಲಿ ಹತ್ತೊಂಬತ್ತೂ ಲಕಲಕ ಎನ್ನುತ್ತಿದ್ದವು. ಎರಡು ವರ್ಷದ ಹಿಂದೆ ಆರ್ನಲ್ಡ್ ಎದೆನೋವಿನಿಂದ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಶುದ್ಧ ಸೋಮಾರಿ, ಕರೆದರೆ ಮೂರು ದಿನಕ್ಕೆ ಬರುವವನು. ಆರ್ನಲ್ಡ್ ಅಳತೆಗೆ ಕತ್ತರಿಸಿಟ್ಟ ಗಾಜಿನ ಪಟ್ಟಿಗಳು ಬಾಯ್ಲರ್ ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಇದ್ದವು. ಹೆಟ್ಟಿ ತಾನೇ ಗಾರೆ ಕಲಸಿ, ಗಂಡ ಮಾಡುತ್ತಿದ್ದ ಹಾಗೇ ಕೂರಿಸುತ್ತ ಬಂದಳು. ಅವನ ಕೆಲಸ ನಿಲ್ಲಿಸಲಿಲ್ಲ ಎಂಬ ಹೆಮ್ಮೆ ಅವಳಿಗಿತ್ತು.

ರಾತ್ರಿಯೂಟಕ್ಕೆ ಏಳು ಗಂಟೆಗೆ ಇಳಿದಳು. ಒಬ್ಬೊಬ್ಬರೇ ಬಂದವರನ್ನು ಒಂದೇ ಮೇಜಿಗೆ ಕೂರಿಸುವುದು ಅಲ್ಲಿನ ರೂಢಿ. ಹೆಟ್ಟಿಯ ಎದುರಿಗೆ ಮೂವತ್ತು ದಾಟಿದ, ಕನ್ನಡಕದ ಒಬ್ಬ ಸಂಭಾವಿತ ಮನುಷ್ಯ ಕೂತ. ಓಲ್ಡ್‌ರಾಯ್ಡ್ ಎಂದು ಹೆಸರು, ಲೀಡ್ಸ್‌ನಿಂದ ಬಂದವನು. ಅವಳನ್ನು ಯಾರೋ ಅನುಕೂಲಸ್ಥ ಮನೆಯಾಕೆ ಎಂದುಕೊಂಡ. ಹೆಟ್ಟಿ ತಿದ್ದಲಿಲ್ಲ. ಒಂದು ರಾತ್ರಿಯ ಮಟ್ಟಿಗೆ ಅಷ್ಟು ಸುಳ್ಳು ಇರಲಿ ಎಂದುಕೊಂಡಳು.

"ನೀವೂ ಹವಾ ಬದಲಾವಣೆಗೆ ಬಂದಿದ್ದೀರಾ?" ಎಂದು ಕೇಳಿದಳು.

"ಎಲ್ಲಿ ಬಂತು ಮೇಡಂ. ಕೆಲಸ. ಈ ಕಟ್ಟಡ ಗಟ್ಟಿ ಇದೆಯಾ ಅಂತ ನೋಡೋಕೆ ಪುರಸಭೆಯವರು ಕಳಿಸಿದ್ದಾರೆ. ಹಳೇ ಇಂಜಿನಿಯರು ರಿಟೈರ್ ಆದ್ರು." ಆತ ಮೀನಿನ ಮುಳ್ಳು ಬಿಡಿಸುತ್ತ ನಕ್ಕ. "ಭಯಪಡಬೇಡಿ, ಬಂಡೆ ಇದ್ದ ಹಾಗಿದೆ. ನೆಲ ವಾಲಿರೋದು ನೋಡಿ ನನಗೂ ಮೊದಲು ಅನುಮಾನ ಬಂತು. ಆದ್ರೆ ಗಾಜು ಸುಳ್ಳು ಹೇಳಲ್ಲ."

"ಯಾವ ಗಾಜು?"

"ನಿಮ್ಮ ಕೋಣೇಲೂ ಇರಬೇಕು, ಗೋಡೆ ಮೇಲೆ. ಬಿರುಕಿನ ಎರಡು ಕಡೆಗೂ ಅಂಟಿಸಿರ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದ್ರೂ ಪಟ್ ಅಂತ ಒಡೆದುಹೋಗುತ್ತೆ. ಅದು ಇರೋದೇ ಒಡೆಯೋದಕ್ಕೆ. ಹತ್ತೊಂಬತ್ತು ಗಾಜು, ಹದಿನೇಳು ವರ್ಷ, ಒಂದೂ ಒಡೆದಿಲ್ಲ. ನಾಳೆ ಬೆಳಿಗ್ಗೆ ಸಹಿ ಹಾಕಿ ಹೊರಡ್ತೀನಿ. ಇನ್ನೈದು ವರ್ಷ ಯಾರೂ ಬಂದು ನೋಡೋ ಅಗತ್ಯ ಇಲ್ಲ."

ಹೆಟ್ಟಿ ಮನಸ್ಸಿನಲ್ಲೇ ಎಣಿಸಿದಳು. ಎಷ್ಟು ಗಾಜು ಬದಲಾಯಿಸಿದ್ದಾರೆ ಗಂಡ ಹೆಂಡತಿ? ಅವಳ ಅಂತಸ್ತಿನಲ್ಲೇ ನಲವತ್ತೋ ಐವತ್ತೋ. ನೀರಿನ ಲೋಟ ಕೆಳಗಿಟ್ಟಳು. ಅಷ್ಟರಲ್ಲಿ ಪಾಮ್‌ಫ್ರೆಟ್ ಮೇಜಿನ ಬಳಿ ಬಂದು, ಎರಡು ಕೈ ಉಜ್ಜಿಕೊಳ್ಳುತ್ತ, "ಓಹೋ, ನಮ್ಮ ಮಿಸೆಸ್ ಕ್ಯಾಪ್‌ಸ್ಟಿಕ್ ಜೊತೆ ಕೂತಿದ್ದೀರಿ. ಮುಂದಿನ ಹಾಲ್‌ನಲ್ಲಿ ಹಿತ್ತಾಳೆ ಫಲಕ ನೋಡಿದ್ರಲ್ಲ ಸಾರ್? ಆರ್ನಲ್ಡ್ ಕ್ಯಾಪ್‌ಸ್ಟಿಕ್, ಮೂವತ್ನಾಲ್ಕು ವರ್ಷ ಈ ಮನೆಯನ್ನು ಕಾಪಾಡಿದವನು ಅಂತ. ಇವರ ಯಜಮಾನರು. ದೇವರಂಥ ಮನುಷ್ಯ," ಎಂದರು.

ಓಲ್ಡ್‌ರಾಯ್ಡ್ ಎದ್ದು ನಿಂತು ಅವಳ ಕೈ ಕುಲುಕಿದ. ಈಗ ಬಾಯಿ ಬಿಟ್ಟರೆ ಆರ್ನಲ್ಡ್‌ನ ಹೆಸರು ಮಣ್ಣುಪಾಲು. ಸತ್ತವನು ಬಂದು ತನ್ನ ಪರ ಮಾತಾಡಲಾರ. ಬಾಯಿ ಬಿಡದಿದ್ದರೆ ಸಮುದ್ರದ ಮಗ್ಗುಲಿನ ಮೂವತ್ತಾರು ಕೋಣೆಗಳಲ್ಲಿ ಮಲಗಿದವರ ಗತಿ ಏನೆಂದು ಈ ಮನುಷ್ಯನಿಗೆ ಗೊತ್ತಾಗುವುದಿಲ್ಲ. ಅವಳು ಬಾಯಿ ಬಿಡಲಿಲ್ಲ. ಪುಡ್ಡಿಂಗ್ ಕೂಡ ತಿಂದಳು. ಯಾವ ರುಚಿಯದು ಎಂದು ಆಮೇಲೆ ಕೇಳಿದಾಗ ಹೇಳಲಿಕ್ಕಾಗಲಿಲ್ಲ.

ಮಾತಾಡಬಹುದಿತ್ತು, ಮಾತಾಡಬೇಕಿತ್ತು ಎಂದು ನಮ್ಮೂರಿನಲ್ಲಿ ಈಗಲೂ ಮೂಗು ಮುರಿಯುವವರಿದ್ದಾರೆ. ಅವರಲ್ಲಿ ಯಾರೂ ಮೂವತ್ನಾಲ್ಕು ವರ್ಷ ಒಬ್ಬನ ಅಂಗಿಗೆ ಗುಂಡಿ ಹೊಲಿದು, ಅವನನ್ನು ಮಣ್ಣು ಮಾಡಿ ಬಂದವರಲ್ಲ.

ಬೆಳಗಿನ ಆರಕ್ಕೆ ಎದ್ದದ್ದು ಅಭ್ಯಾಸಬಲದಿಂದ. ಕಡಲು ಶಾಂತವಾಗಿತ್ತು. ಆದರೂ ಕಿಟಕಿಯ ಕೆಳಗಿನಿಂದ, ಯಾರೋ ಚೀಲದಿಂದ ಅವರೆಕಾಳು ಸುರಿದ ಹಾಗೆ, ಸಣ್ಣ ಕಲ್ಲು ಉದುರುವ ಸದ್ದು ಬಿಟ್ಟುಬಿಟ್ಟು ಬರುತ್ತಿತ್ತು. ಹಸಿ ಜೇಡಿಮಣ್ಣಿನ ವಾಸನೆ ಕೋಣೆಯೊಳಗೇ ಇತ್ತು. ಅವಳು ಕನ್ನಡಕ ಹಾಕಿಕೊಂಡು ಗೋಡೆಯ ಬಳಿ ಹೋದಳು. ಗಾಜಿನ ನಡುವೆ ಮೇಲಿಂದ ಕೆಳಕ್ಕೆ ಸೀಳು. ಎರಡು ತುಂಡಿನ ನಡುವೆ ಉಗುರು ಹೋಗುವಷ್ಟು ಸಂದು.

ಗಾಜು ಕೂರಿಸಿ ಏಳು ದಿನವೂ ತುಂಬಿರಲಿಲ್ಲ.

ಅಷ್ಟು ವರ್ಷದ ರೂಢಿ ನೋಡಿ, ಆ ಕ್ಷಣದಲ್ಲೂ ಅವಳಿಗೆ ಮೊದಲು ಬಂದ ಯೋಚನೆ ಹನ್ನೆರಡರೊಳಗೆ ಬದಲಾಯಿಸಬೇಕು ಎಂಬುದೇ. ಮರುಗಳಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಬಟ್ಟೆ ಹಾಕಿಕೊಂಡು, ಟೋಪಿಯನ್ನೂ ಇಟ್ಟುಕೊಂಡು ಕೆಳಗಿಳಿದು, ಓಲ್ಡ್‌ರಾಯ್ಡ್ ಬರುವುದನ್ನೇ ಕಾದಳು.

ಎಂಟಕ್ಕೆ ಓಲ್ಡ್‌ರಾಯ್ಡ್ ಹಾಲ್‌ನ ಮೇಜಿನ ಮುಂದೆ ಕೂತು ಕಾಗದ ಜೋಡಿಸುತ್ತಿದ್ದ. ಪಕ್ಕದಲ್ಲಿ ಪಾಮ್‌ಫ್ರೆಟ್ ಪೆನ್ನು ಹಿಡಿದು ನಿಂತಿದ್ದರು.

"ಸಹಿ ಹಾಕ್ಬೇಡಿ," ಎಂದಳು ಹೆಟ್ಟಿ. "ಆ ಗಾಜು ಹಳೇವಲ್ಲ. ಒಡೆದಾಗೆಲ್ಲ ಹೊಸದು ಹಾಕಿದೀವಿ."

"ಯಾರು?"

"ಮೊದಲು ನನ್ನ ಗಂಡ. ಆಮೇಲೆ ನಾನು. ಕೋಣೆ ಗುಡಿಸೋಳು ಸಾರ್ ನಾನು, ಮೇಡಂ ಗೀಡಂ ಅಲ್ಲ."

ಪಾಮ್‌ಫ್ರೆಟ್ ಮುಖ ಕೆಂಪಾಗಿ, ದನಿ ಮಾತ್ರ ಮೆತ್ತಗೆ ಮಾಡಿಕೊಂಡು, "ಪಾಪ, ವಯಸ್ಸಾಯ್ತು. ಕೆಲಸ ಬಿಟ್ಟ ಬೇಜಾರು ಬೇರೆ. ಮಿಸೆಸ್ ಕ್ಯಾಪ್‌ಸ್ಟಿಕ್, ಮೇಲೆ ಹೋಗಿ ಸ್ವಲ್ಪ ಮಲಗಿ," ಎಂದರು.

"ಮಲಗೋಕೆ ನಂಗೆ ಧೈರ್ಯ ಇಲ್ಲ. ನೀವು ಬೇಕಾದ್ರೆ ಮಲಗಿ."

ಓಲ್ಡ್‌ರಾಯ್ಡ್ ಕಾಗದ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದ. ಮೂವತ್ತೆರಡರಲ್ಲಿ ಒಡೆದ ಗಾಜನ್ನು ನೋಡಿ ಚೀಲದಿಂದ ಉಳಿ ತೆಗೆದು, ಗಾರೆ ಕೆದಕಿ, ಎರಡೂ ತುಂಡು ಬಿಡಿಸಿದ. ಗಾಜಿನ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನ ಸಣ್ಣ ಸಾಲುಗಳಿದ್ದವು. ತಾರೀಖುಗಳು. ಮೇಲಿನವು ಆರ್ನಲ್ಡ್‌ನ ಬಾಗಿದ ಅಕ್ಷರ, ಕೆಳಗಿನವು ಹೆಟ್ಟಿಯ ಉರುಟು ಅಕ್ಷರ.

"ಇದನ್ನ ನೀವ್ಯಾಕೆ ಬರೆದ್ರಿ?"

"ಅವನು ಬರೀತಿದ್ದ, ಅದಕ್ಕೆ ನಾನೂ ಬರೆದೆ. ರಿಪೇರಿ ಮಾಡಿದ್ದಕ್ಕೆ ಗುರುತು ಅಂದ್ಕೊಂಡೆ."

ಆತ ಬೆರಳಿಟ್ಟು ಓದುತ್ತ ಹೋದ. ಮೊದಲೆರಡು ಸಾಲಿನ ನಡುವೆ ಮೂರು ವರ್ಷ. ಆಮೇಲೆ ಎರಡು. ಆಮೇಲೆ ವರ್ಷಕ್ಕೊಂದು, ಆರು ತಿಂಗಳಿಗೊಂದು. ಹೆಟ್ಟಿಯ ಕೈಬರಹ ಶುರುವಾದ ಮೇಲೆ ಮೂರು ತಿಂಗಳು, ಒಂದು ತಿಂಗಳು, ಮೂರು ವಾರ. ಕೊನೆಯದು ಕಳೆದ ಶನಿವಾರ. ಅವನ ಬೆರಳು ಅಲ್ಲಿಗೆ ಬಂದು ನಿಂತಿತು.

"ನಿಮ್ಮ ಯಜಮಾನರು ತಾರೀಖಿನ ಪಕ್ಕ ಇನ್ನೊಂದು ಅಂಕಿ ಬರೆದಿದ್ದಾರೆ. ನೀವು ಬರೆದಿಲ್ಲ."

"ಅದು ಗಾಜಿನ ಸೈಜು ಇರ್ಬೇಕು. ನಂಗೆ ಅಳತೆ ಬರಲ್ಲ."

ಓಲ್ಡ್‌ರಾಯ್ಡ್ ಅಡಿಕೋಲನ್ನು ಬಿರುಕಿಗೆ ಹಿಡಿದು ನೋಡಿದ. "ಗಾಜಿನ ಸೈಜಲ್ಲಮ್ಮ. ಬಿರುಕಿನ ಅಗಲ. ಪ್ರತಿ ಸಲವೂ ಅಳೆದಿದ್ದಾರೆ."

ಹೆಟ್ಟಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಹಸಿರು ಕುರ್ಚಿಯ ಬೆನ್ನು ಹಿಡಿದುಕೊಂಡಳು, ಕೂರಲಿಲ್ಲ. ಅಳೆಯುವವನಿಗೆ ಗೊತ್ತಿರುತ್ತದೆ. ಪೆಟ್ಟಿಗೆ ತುಂಬ ಗಾಜು ಕತ್ತರಿಸಿಟ್ಟವನಿಗೆ ಇನ್ನೂ ಎಷ್ಟು ಒಡೆಯಲಿವೆ ಎಂದು ಗೊತ್ತಿರುತ್ತದೆ. ಹೋಟೆಲು ಮುಚ್ಚಿದ್ದರೆ ಇಬ್ಬರ ಕೆಲಸವೂ, ಬಾಯ್ಲರ್ ಮನೆಯ ಹಿಂದೆ ಅವರು ವಾಸವಿದ್ದ ಎರಡು ಕೋಣೆಯ ಸೂರೂ ಹೋಗುತ್ತಿದ್ದವು. ಅದು ಅವಳಿಗೂ ಗೊತ್ತಿತ್ತು. ಆದರೆ ಅವನು ಅಳೆದು ಮುಚ್ಚಿಟ್ಟದ್ದು ಗೊತ್ತಿರಲಿಲ್ಲ.

"ಎಲ್ಲರನ್ನೂ ಹೊರಗೆ ಕಳಿಸಬೇಕು. ಈಗಲೇ," ಎಂದ ಓಲ್ಡ್‌ರಾಯ್ಡ್.

ಬಾಗಿಲಲ್ಲಿ ನಿಂತಿದ್ದ ಪಾಮ್‌ಫ್ರೆಟ್, "ರಜಾ ವಾರ ಸಾರ್, ಮನೆ ಭರ್ತಿ ಇದೆ. ಮಾಲೀಕರಿಗೆ ಫೋನ್ ಮಾಡ್ತೀನಿ. ಅವರು ಹೇಳಿದ ಮೇಲೆ ನೋಡೋಣ," ಎಂದು ಶುರುಮಾಡಿದರು. ಓಲ್ಡ್‌ರಾಯ್ಡ್ ಪುರಸಭೆಗೆ ಫೋನ್ ಮಾಡಲು ಓಡಿದ. ಇವರಿಬ್ಬರೂ ಫೋನಿಗಾಗಿ ಕಿತ್ತಾಡುತ್ತಿರುವಾಗ ಹೆಟ್ಟಿ ಕಾರಿಡಾರಿನಲ್ಲಿ ಐವಿಯ ಸೊಂಟದಿಂದ ಬೀಗದ ಕೈ ಗೊಂಚಲು ಕಿತ್ತುಕೊಂಡಳು.

"ಏನೇ ನಿಂದು? ರಿಟೈರ್ ಆಗಿದೀಯ, ನೆನಪಿದೆಯಾ?"

"ನೀನು ಕೆಳಗಿನ ಎರಡೂ ಅಂತಸ್ತು ತಗೋ, ನಾನು ಇದು ಮಾಡ್ತೀನಿ. ಯಾರ ಪೆಟ್ಟಿಗೇನೂ ಕಟ್ಟಬೇಡ. ಬರೀ ಜನ."

ಅವಳ ಮುಖ ನೋಡಿ ಐವಿ ಮುಂದೆ ಕೇಳಲಿಲ್ಲ. ಹೆಟ್ಟಿ ಬಾಗಿಲು ಬಾಗಿಲಿಗೆ ಎರಡು ಸಲ ತಟ್ಟಿದಳು, "ಹೌಸ್‌ಕೀಪಿಂಗ್" ಎಂದಳು, ಉತ್ತರಕ್ಕೆ ಕಾಯದೆ ಬೀಗ ತೆಗೆದಳು. ಆ ತಟ್ಟುವಿಕೆಗೆ ಹಾಸಿಗೆಯಿಂದ ಏಳದ ಅತಿಥಿಯನ್ನು ಅವಳು ಕಂಡಿರಲಿಲ್ಲ. ಕೂದಲು ಗುಂಗುರಾಗಲೆಂದು ಸುರುಳಿ ಸುತ್ತಿಕೊಂಡಿದ್ದ ಒಬ್ಬ ಮುದುಕಿ ತನ್ನ ಬೇಯಿಸಿದ ಮೊಟ್ಟೆ ಬರುವವರೆಗೆ ಕದಲುವುದಿಲ್ಲ ಎಂದು ಹಟ ಹಿಡಿದಳು.

"ಮೊಟ್ಟೆ ರಸ್ತೆ ಕಡೆ ಕೊಡ್ತಾರೆ, ಬನ್ನಿ."

"ಯಾರ ಅಪ್ಪಣೆ ಇದು?"

"ನಂದು," ಎಂದು ಹೆಟ್ಟಿ ಅವಳಿಗೆ ಕೋಟು ತೊಡಿಸಿ, ರೆಟ್ಟೆ ಹಿಡಿದು ಮೆಟ್ಟಿಲವರೆಗೆ ನಡೆಸಿದಳು.

ಹತ್ತೂವರೆಗೆ ಅರವತ್ತೊಂದು ಜನ ರಸ್ತೆಯಾಚೆ ನಿಂತಿದ್ದರು. ಏನೂ ಆಗಲಿಲ್ಲ. ಹನ್ನೆರಡಾಯಿತು, ಒಂದಾಯಿತು, ಬಿಸಿಲು ಚೆನ್ನಾಗಿತ್ತು. ಜನ ಗೊಣಗಿದರು, ಯಾರೋ ದುಡ್ಡು ವಾಪಸು ಕೇಳಿದರು, ಇಬ್ಬರು ಗಂಡಸರು ತಮ್ಮ ಪೆಟ್ಟಿಗೆ ತರಲು ಒಳಗೆ ನುಗ್ಗಲು ನೋಡಿದರು. ಪಾಮ್‌ಫ್ರೆಟ್ ಅವಳ ಬಳಿ ಬಂದು ಹಲ್ಲು ಕಚ್ಚಿ, "ನಿಮ್ಮಿಂದ ಈ ಹೋಟೆಲಿನ ಮರ್ಯಾದೆ ಹೋಯಿತು," ಎಂದರು. ಹೆಟ್ಟಿಗೆ ಒಂದು ಕ್ಷಣ, ಅವರ ಮಾತೇ ನಿಜವಾಗಲಿ, ತಾನು ಹುಚ್ಚಿ ಎನ್ನಿಸಿಕೊಂಡರೂ ಚಿಂತೆಯಿಲ್ಲ, ಆರ್ನಲ್ಡ್‌ಗೆ ಏನೂ ಗೊತ್ತಿರಲಿಲ್ಲ ಎಂದಾಗಲಿ ಅನ್ನಿಸಿತು.

ಎರಡು ಇಪ್ಪತ್ತಕ್ಕೆ ಹುಲ್ಲುಹಾಸು ಹೋಯಿತು. ಸದ್ದೇನೂ ದೊಡ್ಡದಿರಲಿಲ್ಲ. ಅಂಚಿನ ಬೇಲಿ ಕಂಡಿತು, ಆಮೇಲೆ ಕಾಣಲಿಲ್ಲ. ನಂತರ ಸಮುದ್ರದ ಮಗ್ಗುಲಿನ ಕಿಟಕಿಗಳು ಮೇಲಿನ ಸಾಲಿನಿಂದ ಒಂದೊಂದಾಗಿ ಸಿಡಿದವು, ಗೋಡೆ ನಿಧಾನವಾಗಿ ಮುಂದಕ್ಕೆ ಬಾಗಿ, ಮೂರೂ ಅಂತಸ್ತು ಮಂಚ ಬೀರು ಸಮೇತ ಕಡಲಿಗೆ ಇಳಿದವು. ಧೂಳು ಕೂತಾಗ ಮೂವತ್ತೆರಡಿದ್ದ ಜಾಗದಲ್ಲಿ ಆಕಾಶ ಕಂಡಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಮೊಟ್ಟೆಯ ಮುದುಕಿ ಹೆಟ್ಟಿಯ ತೋಳು ಹಿಡಿದುಕೊಂಡವಳು ಬಿಡಲೇ ಇಲ್ಲ.

ಸೆಪ್ಟೆಂಬರಿನಲ್ಲಿ ಪುರಭವನದಲ್ಲಿ ವಿಚಾರಣೆ ನಡೆಯಿತು. ಊರಿಗೆ ಊರೇ ಸೇರಿತ್ತು. ಅಷ್ಟು ಜನರನ್ನು ಉಳಿಸಿದವಳು ಎಂದು ಪತ್ರಿಕೆಯವರು ಅವಳ ಫೋಟೋ ಹಾಕಿದ್ದರು. ವಿಚಾರಣೆ ನಡೆಸಿದವರು ವಯಸ್ಸಾದ, ಒಳ್ಳೆಯ ಮನುಷ್ಯ. ಗೋಡೆಯ ಮೇಲಿನ ಆ ಬರಹ ಕಡಲು ಸೇರಿತ್ತು. ಓದಿದ್ದವನು ಓಲ್ಡ್‌ರಾಯ್ಡ್ ಒಬ್ಬನೇ. ಅವನು ತಾರೀಖುಗಳ ವಿಷಯ ಮಾತ್ರ ಹೇಳಿ, ಅಳತೆಯ ಮಾತೆತ್ತದೆ ಹೆಟ್ಟಿಯ ಕಡೆ ನೋಡಿ ಕೂತಿದ್ದ. ಬೇಕೆಂದೇ ಬಿಟ್ಟಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

ವಿಚಾರಣಾಧಿಕಾರಿ ಕನ್ನಡಕ ತೆಗೆದು, ಅವಳಿಗೆ ದಾರಿ ಮಾಡಿಕೊಡುವವರಂತೆ ಕೇಳಿದರು. "ನಿಮ್ಮ ಹಾಗೇ ನಿಮ್ಮ ಯಜಮಾನರಿಗೂ ಆ ಗಾಜಿನ ಅರ್ಥ ಗೊತ್ತಿರಲಿಲ್ಲ, ಅಲ್ಲವೇನಮ್ಮ?"

ಹೌದು ಎಂದರೆ ಮುಗಿಯುತ್ತಿತ್ತು. ಐವಿ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದಳು, ಹೌದು ಅನ್ನು ಎಂಬಂತೆ. ಹೆಟ್ಟಿ ಎದುರಿನ ಮರದ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಗೊತ್ತಿತ್ತು ಸಾರ್," ಎಂದಳು. "ದಿನಾ ಬೆಳಿಗ್ಗೆ ನಾನು ಸಮುದ್ರದ ಮಗ್ಗುಲಿಗೆ ಹೊರಟಾಗ 'ಹುಷಾರು ಕಣೆ' ಅಂತಿದ್ದ. ಹದಿನೈದು ವರ್ಷ, ಒಂದು ದಿನ ತಪ್ಪಿಸಿದೋನಲ್ಲ. ಮೆಟ್ಟಿಲು ಜಾರುತ್ತೆ ಅಂತ ಹೇಳ್ತಾನೆ ಅಂದ್ಕೊಂಡಿದ್ದೆ."